ಬಚ್ಚಲು ಕಟ್ಟಿಕೊಂಡಾಗ: ಹತ್ತನೆಯ ತರಗತಿಯ ಒಂದು ಪಾಠದ ಅನುಭವ

ಬೋಧನಾಭ್ಯಾಸದ ಎರಡನೆಯ ಹಂತದಲ್ಲಿ ಹತ್ತನೆಯ ತರಗತಿಗೆ ‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’ ಘಟಕ ನನ್ನ ಪಾಲಿಗೆ ಬಂತು. ಆಮ್ಲವು ಹೈಡ್ರೋಜನ್ ಕಾರ್ಬೊನೇಟ್‌ನೊಂದಿಗೆ ನಡೆಸುವ ಕ್ರಿಯೆಯನ್ನು ನಿತ್ಯಜೀವನಕ್ಕೆ ಜೋಡಿಸಲು ಕಟ್ಟಿಕೊಂಡ ಬಚ್ಚಲನ್ನೇ ಆರಿಸಿಕೊಂಡೆ. ನಮ್ಮ ಹಾಸ್ಟೆಲ್ಲಿನಲ್ಲಿ ವಾರಕ್ಕೊಮ್ಮೆ ಎದುರಾಗುವ ಸಮಸ್ಯೆ ಅದು; ಉದಾಹರಣೆಗೆ ಹುಡುಕಾಡಬೇಕಾಗಲಿಲ್ಲ.

ತೊಡಗಿಸಿಕೊಳ್ಳುವ ಹಂತ ಸಲೀಸಾಗಿ ಹೋಯಿತು. ಪೈಪಿನಲ್ಲಿ ಏನೇನು ಸಿಕ್ಕಿಕೊಳ್ಳುತ್ತದೆ ಎಂದು ಕೇಳಿದ್ದಕ್ಕೆ ಕೂದಲು, ಅನ್ನದ ಅಗುಳು, ಟೀ ಚರಟ, ಶಾಂಪೂ ಪೊಟ್ಟಣ, ಸೋಪಿನ ಚೂರು ಎಂದು ಪಟ್ಟಿ ಬೆಳೆಯಿತು. “ಸೋಪು ಕೊಳೆ ತೆಗೀಬೇಕು ತಾನೇ ಮಿಸ್, ಅದೇ ಹೇಗೆ ಕಟ್ಟಿಕೊಳ್ಳುತ್ತೆ?” ಎಂದು ಒಬ್ಬ ಕೇಳಿದ. ಊರಿನ ಕೊಳವೆಬಾವಿ ನೀರು ಗಡಸು. ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳೊಂದಿಗೆ ಸಾಬೂನು ಸೇರಿದರೆ ನೀರಿನಲ್ಲಿ ಕರಗದ ಬಿಳಿ ಗಸಿಯಾಗುತ್ತದೆ. ಕೂದಲನ್ನು ಉಂಡೆ ಕಟ್ಟಿಸುವುದು ಅದೇ ಎಂದು ವಿವರಿಸಿದೆ.

ನಂತರ ಪ್ರಾತ್ಯಕ್ಷಿಕೆ. ‘ಯು’ ಆಕಾರಕ್ಕೆ ಬಗ್ಗಿಸಿದ ಎರಡು ಪಾರದರ್ಶಕ ಪ್ಲಾಸ್ಟಿಕ್ ಕೊಳವೆಗಳು, ಎರಡರಲ್ಲೂ ವನಸ್ಪತಿ ಮೆತ್ತಿದ ಕೂದಲಿನ ಉಂಡೆ. ಮೊದಲನೆಯದಕ್ಕೆ ಅಡುಗೆ ಸೋಡಾ ಹಾಕಿ ವಿನೆಗರ್ ಸುರಿದೆ. ನೊರೆ ಉಕ್ಕಿ ಮೇಜಿನ ಮೇಲೆ ಹರಿಯಿತು, ಮಕ್ಕಳು ಚಪ್ಪಾಳೆ ತಟ್ಟಿದರು. ನೊರೆ ಇಳಿದ ಮೇಲೆ ನೋಡಿದರೆ ಉಂಡೆ ಇದ್ದಲ್ಲಿಯೇ ಇತ್ತು. ನನ್ನ ಪಾಠ ಯೋಜನೆಯಲ್ಲಿ ಮಾತ್ರ ‘ಜಿಡ್ಡು ಕರಗುತ್ತದೆ’ ಎಂದು ಬರೆದಿತ್ತು! ಮನೆಯಲ್ಲಿ ಒಮ್ಮೆಯೂ ಮಾಡಿ ನೋಡದೆ, ಎಲ್ಲರೂ ಹೇಳುತ್ತಾರೆಂದು ಬರೆದದ್ದು. ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: “ಎರಡೂ ಸೇರಿ ಲವಣ, ನೀರು ಆಯ್ತಲ್ಲ ಮಿಸ್. ಹಾಗಾದರೆ ಜಿಡ್ಡನ್ನು ತೆಗೆಯೋದು ಯಾವುದು?”

ಸರಿಯಾದ ಪ್ರಶ್ನೆ. ಉಳಿದದ್ದು ಸೋಡಿಯಂ ಅಸಿಟೇಟ್ ದ್ರಾವಣ, ಇಂಗಾಲದ ಡೈಆಕ್ಸೈಡ್ ತೆರೆದ ಬಾಯಿಯಿಂದ ಮೇಲೆ ಹೋಯಿತು. ಕೊಬ್ಬನ್ನು ಒಡೆಯಲು ಬೇಕಾದ ಪ್ರಬಲ ಪ್ರತ್ಯಾಮ್ಲ ಅಲ್ಲಿ ಇರಲೇ ಇಲ್ಲ. ಕಾಸ್ಟಿಕ್ ಸೋಡಾ ಆದರೆ ಕೊಬ್ಬನ್ನು ಸಾಬೂನಾಗಿಸುತ್ತದೆ, ಕೂದಲಿನ ಪ್ರೋಟೀನನ್ನೂ ಕರಗಿಸುತ್ತದೆ. ಆದರೆ ನೀರಿಗೆ ಬಿದ್ದಾಗ ತುಂಬ ಶಾಖ ಬಿಡುತ್ತದೆ, ಚರ್ಮ ಮತ್ತು ಕಣ್ಣನ್ನು ಸುಡುತ್ತದೆ. ಅದನ್ನು ತರಗತಿಗೆ ತಂದಿರಲಿಲ್ಲ, ತರುವುದೂ ಬೇಡ. ಎರಡನೆಯ ಕೊಳವೆಗೆ ಪಾತ್ರೆ ತೊಳೆಯುವ ದ್ರವ ಬೆರೆಸಿದ ಬಿಸಿನೀರು ಹುಯ್ದು, ತುದಿ ಕೊಕ್ಕೆಯಂತೆ ಬಗ್ಗಿಸಿದ ತಂತಿಯಿಂದ ಎಳೆದಾಗ ಉಂಡೆ ಹೊರಬಂತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ, “ಥೂ” ಎಂದರು.

ಆಗ ಮೂರನೆಯ ಸಾಲಿನ ಹುಡುಗಿ ಎದ್ದು, “ನಮ್ಮನೇಲಿ ಬ್ಲೀಚಿಂಗ್ ಪೌಡರ್ ಹಾಕಿ ಮೇಲೆ ಆಸಿಡ್ ಹುಯ್ತೀವಿ ಮಿಸ್, ನಾನೇ ಮಾಡೋದು. ಕೆಮ್ಮು ಬರುತ್ತೆ, ಆದ್ರೆ ಬೇಗ ಹೋಗುತ್ತೆ” ಎಂದಳು. ನನಗೆ ಕೈಕಾಲು ತಣ್ಣಗಾಯಿತು. ಯೋಜನೆಯ ಕೊನೆಯಲ್ಲಿ ಗೃಹಪಾಠವೆಂದು ನಾನು ಬರೆದದ್ದು: ‘ಮನೆಯಲ್ಲಿ ಲಭ್ಯವಿರುವ ಆಮ್ಲ, ಪ್ರತ್ಯಾಮ್ಲಗಳನ್ನು ಬಳಸಿ ಪ್ರಯತ್ನಿಸಿ.’

ಗಡಿಯಾರ ನೋಡುವುದನ್ನು ಬಿಟ್ಟು, ಚಲುವೆ ಪುಡಿ ಎಂದರೇನು ಎಂದು ಕೇಳಿದೆ. ಅವಳೇ ಕ್ಯಾಲ್ಸಿಯಂ ಆಕ್ಸಿಕ್ಲೋರೈಡ್ ಎಂದು ಥಟ್ಟನೆ ಉತ್ತರಿಸಿದಳು. ಚಲುವೆ ಪುಡಿಯೂ ಬ್ಲೀಚಿಂಗ್ ಪೌಡರೂ ಒಂದೇ ಎಂಬುದು ಮಾತ್ರ ಅವಳಿಗೆ ತಿಳಿದಿರಲಿಲ್ಲ. ಕೈ ಎತ್ತಿಸಿ ನೋಡಿದರೆ ಮುಕ್ಕಾಲು ತರಗತಿಗೂ ತಿಳಿದಿರಲಿಲ್ಲ. ಬಚ್ಚಲ ಆಸಿಡ್ ಎಂದರೆ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ. ಎರಡೂ ಸೇರಿದರೆ ಕ್ಯಾಲ್ಸಿಯಂ ಕ್ಲೋರೈಡ್, ನೀರು ಮತ್ತು ಕ್ಲೋರಿನ್ ಅನಿಲ ಎಂದು ಕಪ್ಪುಹಲಗೆಯ ಮೇಲೆ ಪದಗಳಲ್ಲೇ ಬರೆದೆ. ಕ್ಲೋರಿನ್ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ಕಿಟಕಿ ಚಿಕ್ಕದಿರುವ ಬಚ್ಚಲಮನೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಉಜ್ಜುವವರ ಮೂಗು ಇರುವುದೂ ಅಲ್ಲೇ. ಆ ಕೆಮ್ಮು ಕೆಲಸ ಆಗುತ್ತಿದೆ ಎಂಬುದರ ಗುರುತಲ್ಲ, ಪುಪ್ಪುಸಕ್ಕೆ ಪೆಟ್ಟು ಬೀಳುತ್ತಿದೆ ಎಂಬುದರ ಗುರುತು. ಹಾಗಾದರೆ ಕೂಡಲೇ ಹೊರಗೆ ಬಂದು ಗಾಳಿಗೆ ನಿಲ್ಲಬೇಕು, ಉಸಿರಾಟ ಕಷ್ಟವಾದರೆ ಆಸ್ಪತ್ರೆಗೆ ಹೋಗಬೇಕು ಎಂದೂ ಹೇಳಿದೆ.

ಗೃಹಪಾಠ ಬದಲಾಯಿತು: ಮನೆಯಲ್ಲಿರುವ ಶುಚಿಕಾರಕಗಳ ಲೇಬಲ್ ಮಾತ್ರ ಓದಿ ಬನ್ನಿ, ಯಾವುದನ್ನೂ ಬೆರೆಸಬೇಡಿ. ಮಾರ್ಗದರ್ಶಕ ಉಪನ್ಯಾಸಕರ ವೀಕ್ಷಣಾ ಟಿಪ್ಪಣಿಯಲ್ಲಿ ‘ಸಮಯ ಪಾಲನೆ ಸಾಲದು, ಮೌಲ್ಯಮಾಪನ ಹಂತ ಉಳಿದಿದೆ’ ಎಂದಿತ್ತು. ಒಪ್ಪುತ್ತೇನೆ.

ಮರುದಿನ ಉಳಿದ ಭಾಗವನ್ನು ಒತ್ತಡದ ಪಾಠಕ್ಕೆ ಜೋಡಿಸಿದೆ. ರಬ್ಬರ್ ಬಟ್ಟಲಿನ ಪಂಪ್ ಒತ್ತುವಾಗ ಬಟ್ಟಲು ಮುಳುಗುವಷ್ಟು ನೀರು ಇರಬೇಕು; ಗಾಳಿ ಕುಗ್ಗುತ್ತದೆ, ನೀರು ಅಷ್ಟಾಗಿ ಕುಗ್ಗದೆ ಒತ್ತಡವನ್ನು ಮುಂದಕ್ಕೆ ದಾಟಿಸುತ್ತದೆ. ಸಿಂಕಿನ ಮೇಲಿನ ತೂತನ್ನು ಒದ್ದೆ ಬಟ್ಟೆಯಿಂದ ಮುಚ್ಚಬೇಕು. ಕುದಿಯುವ ನೀರು ಪಿವಿಸಿ ಪೈಪನ್ನು ಮೆತ್ತಗಾಗಿಸುವುದರಿಂದ ಬಿಸಿನೀರೇ ಸಾಕು. ತಡೆಯುವ ವಿಷಯದಲ್ಲಿ ಮಕ್ಕಳೇ ನನಗಿಂತ ಮುಂದಿದ್ದರು: ಬಚ್ಚಲ ಬಾಯಿಗೆ ಜಾಲರಿ, ಎಣ್ಣೆ ಬಾಂಡಲೆಯನ್ನು ಮೊದಲು ಕಾಗದದಿಂದ ಒರೆಸುವುದು, ಚರಟ ಗಿಡದ ಬುಡಕ್ಕೆ. ಆ ಹುಡುಗಿ ತಂದ ಪಟ್ಟಿಯಲ್ಲಿ ಐದು ಲೇಬಲ್‌ಗಳಿದ್ದವು. ಆಸಿಡ್ ಬಾಟಲಿಯ ಮುಂದೆ ‘ಲೇಬಲ್ ಇಲ್ಲ, ಹಳೇ ನೀರಿನ ಬಾಟಲಿ’ ಎಂದು ಬರೆದಿದ್ದಳು. ಅವರಮ್ಮ ಅದನ್ನು ಅಟ್ಟದ ಮೇಲಿಟ್ಟು, ದಪ್ಪ ಅಕ್ಷರದಲ್ಲಿ ಹೆಸರು ಬರೆದು ಅಂಟಿಸಿದ್ದಾರಂತೆ.

ಕೊಳವೆಗಳು ನಮ್ಮ ಕಾಲೇಜಿನ ವಿಜ್ಞಾನ ಕೊಠಡಿಯ ಕಪಾಟಿನಲ್ಲಿವೆ, ಬೇಕಾದವರು ಬಳಸಬಹುದು. ಮೊದಲನೆಯದರಲ್ಲಿ ಉಂಡೆ ಇನ್ನೂ ಹಾಗೇ ಇದೆ.