ಹಸುಗೂಸಿನ ನಿದ್ರೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಹಗಲೆಲ್ಲ ಕಾಯಿ ಸುಲಿದು ದಣಿದ ದಂಪತಿಗಳಿಗೆ ರಾತ್ರಿ ಮಗು ಎದ್ದರೆ ಬೇಸರವಾಗುವುದು ಸಹಜ. ಆದರೆ ಇದು ರೋಗವಲ್ಲ. ಮೊದಲ 3 ತಿಂಗಳಲ್ಲಿ ಮಗುವು ದಿನಕ್ಕೆ ಸುಮಾರು 14ರಿಂದ 17 ಗಂಟೆ ನಿದ್ರಿಸುತ್ತದೆ. ಜಠರ ಚಿಕ್ಕದಾದುದರಿಂದ 2–3 ಗಂಟೆಗೊಮ್ಮೆ ಹಾಲಿಗಾಗಿ ಏಳುತ್ತದೆ. ಹಗಲಿರುಳಿನ ಭೇದವು ಕ್ರಮೇಣ ತಿಳಿಯುತ್ತದೆ.

ಮಾಡಬೇಕಾದುದು: ಹಗಲು ಬೆಳಕಿನಲ್ಲಿ ಆಡಿಸಿರಿ. ರಾತ್ರಿ ದೀಪ ತಗ್ಗಿಸಿ, ಮೌನವಾಗಿ ಹಾಲೂಡಿಸಿರಿ. ಹಾಲು ಕುಡಿದ ಮಗುವನ್ನು ತಂದೆಯು ಹೆಗಲಿಗೆ ಹಾಕಿ ತೇಗಿಸಿ ಮಲಗಿಸಿದರೆ ತಾಯಿಗೂ ವಿಶ್ರಾಂತಿ ದೊರೆಯುವುದು. ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ ಅಂಗಾತವಾಗಿ ಮಲಗಿಸಿರಿ; ದಿಂಬು ಬೇಡ. ಸೀರೆಯ ಜೋಲಿಯಲ್ಲಿ ಗದ್ದವು ಎದೆಗೆ ಒತ್ತಿ ಉಸಿರು ಕಟ್ಟಬಹುದು. ಆದುದರಿಂದ ನಿದ್ರೆ ಹತ್ತಿದೊಡನೆ ಹಾಸಿಗೆಗೆ ತನ್ನಿರಿ.

ಮಾಡಬಾರದುದು: ಕೆಲಸ ಮುಗಿಯುವವರೆಗೆ ಮಲಗಿರಲೆಂದು ಗಸಗಸೆ ಕಷಾಯ, ಅಫೀಮು, ಬ್ರಾಂದಿಗಳನ್ನು ಎಂದಿಗೂ ಕೊಡಬೇಡಿರಿ. ಅದರಿಂದ ಬರುವುದು ನಿದ್ರೆಯಲ್ಲ, ಮತ್ತು. ಉಸಿರಾಟ ಕುಂದಿ ಮಗು ಸಾಯಬಹುದು. 6 ತಿಂಗಳವರೆಗೆ ಎದೆಹಾಲೇ ಸಾಕು.

ಎಬ್ಬಿಸಿದರೂ ಏಳದ, ಹಾಲು ಕುಡಿಯದ, ಜ್ವರವಿರುವ ಅಥವಾ ಉಸಿರಾಡಲು ಕಷ್ಟಪಡುವ ಮಗುವನ್ನು ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತನ್ನಿರಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿರಿ.