ನಾಲ್ಕನೇ ಬಲೂನು

ಮೀಥೇನಿನ ಅಣು ಬರೆಯಿರಿ ಅಂದರೆ ನಾವೆಲ್ಲ ಬರೆಯುವುದು ಕೂಡಿಸುವ ಚಿಹ್ನೆಯ ಹಾಗೆ. ನಡುವೆ ಕಾರ್ಬನ್, ನಾಲ್ಕು ಕಡೆ ಹೈಡ್ರೋಜನ್. ಅಣು ನಿಜವಾಗಿಯೂ ಹಾಗೇ ಚಪ್ಪಟೆ ಇರ್ತದೆ ಅಂತ ತರಗತಿಯಲ್ಲಿ ವಾದ ಮಾಡಿದವನು ನಾನೇ.

ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಿಂದ ತಂದ ನಾಲ್ಕು ಬಲೂನುಗಳನ್ನು ತಂಗಿ ಒಂದೇ ಗಂಟಿಗೆ ಕಟ್ಟಿದಳು. ನಾನು ಒತ್ತಿ ಚಪ್ಪಟೆ ಮಾಡಿದೆ. ಕೈ ಬಿಟ್ಟ ಕೂಡಲೇ ಮೂರು ಕೆಳಗೆ, ಒಂದು ಮೇಲೆ! ಒಂದನ್ನೊಂದು ತಳ್ಳಿ ಆದಷ್ಟು ದೂರ ಹೋಗ್ತವೆ.

ಎರಡು ಪರಮಾಣುಗಳು ಒಂದು ಜೊತೆ ಎಲೆಕ್ಟ್ರಾನುಗಳನ್ನು ಹಂಚಿಕೊಳ್ಳುವುದೇ ಸಹವೇಲೆನ್ಸಿ ಬಂಧ, ಎರಡು ಮನೆಗೆ ಒಂದೇ ಬಾವಿ ಇದ್ದ ಹಾಗೆ. 1916ರಲ್ಲಿ ಲೂಯಿಸ್ ಇದನ್ನು ಹೇಳಿದರು. ಈ ಜೊತೆಗಳೂ ಬಲೂನಿನಂತೆ ಒಂದನ್ನೊಂದು ತಳ್ತವೆ. ಚಪ್ಪಟೆಯಾಗಿದ್ದರೆ ನಡುವಿನ ಕೋನ 90 ಡಿಗ್ರಿ, ಬಲೂನಿನ ಹಾಗೆ ನಿಂತರೆ 109.5. ಮೀಥೇನ್ ಎರಡನೆಯದು.

ಅಷ್ಟರಲ್ಲಿ ಒಂದು ಬಲೂನು ಢಂ ಅಂತು. ತಂಗಿ ಅಳೋಕೆ ಶುರು. ಉಳಿದ ಮೂರು ಚಪ್ಪಟೆಯಾಗಿ 120 ಡಿಗ್ರಿಗೆ ಹರಡಿಕೊಂಡವು. ಅಮೋನಿಯದಲ್ಲಿ ಮೂರೇ ಹೈಡ್ರೋಜನ್ ತಾನೆ, ಇದೇ ಅಮೋನಿಯ ಅಂದುಕೊಂಡೆ. ಪುಸ್ತಕ ನೋಡಿದರೆ 107! ಅರ್ಧ ದಿನ ತಲೆ ಕೆಟ್ಟಿತು. ನೈಟ್ರೋಜನ್ನಿನ ಹೊರಕವಚದಲ್ಲಿ 5 ಎಲೆಕ್ಟ್ರಾನು. ಮೂರು ಬಂಧಕ್ಕೆ ಹೋದವು. ಉಳಿದೆರಡು ಯಾರಿಗೂ ಪಾಲು ಕೊಡದೆ ಒಂಟಿ ಜೋಡಿಯಾಗಿ ಕೂತಿವೆ. ಅಂದರೆ ಅಮೋನಿಯದಲ್ಲಿ ನಾಲ್ಕನೇ ಬಲೂನು ಒಡೆದಿಲ್ಲ, ಚಿತ್ರದಲ್ಲಿ ಕಾಣೋದಿಲ್ಲ ಅಷ್ಟೇ. ಅದು ಉಳಿದವಕ್ಕಿಂತ ಜೋರಾಗಿಯೇ ತಳ್ತದೆ, ಅದಕ್ಕೇ ಕೋನ 109.5ಕ್ಕಿಂತ ಕಡಿಮೆ. ನೀರಿನಲ್ಲಿ ಇಂಥ ಒಂಟಿ ಜೋಡಿ ಎರಡು, ಕೋನ 104.5. ಒಂಟಿ ಜೋಡಿಯ ಈ ಲೆಕ್ಕವನ್ನು ಸೇರಿಸಿ 1957ರಲ್ಲಿ ಗಿಲೆಸ್ಪಿ, ನೈಹೋಮ್ ಇಬ್ಬರೂ ನಿಯಮ ಬರೆದರು.

ಕಾರ್ಬನ್ ಡೈ ಆಕ್ಸೈಡ್ ಸುಲಭ: ಎರಡು ಕಡೆ ಜೋಡಿ ಬಂಧ, ನಡುವಿನ ಕಾರ್ಬನ್ನಿನಲ್ಲಿ ಒಂಟಿ ಜೋಡಿ ಇಲ್ಲ, ನೆಟ್ಟಗೆ 180.

ಈ ಬಾಗು ಸಣ್ಣ ವಿಷಯವಲ್ಲ. ಮೀಥೇನಿನ ಅಣುತೂಕ 16, ನೀರಿನದು 18, ಹೆಚ್ಚುಕಡಿಮೆ ಒಂದೇ. ಆದರೆ ಒಂದು ಗೋಬರ್ ಗ್ಯಾಸ್ ತೊಟ್ಟಿಯಿಂದ ಅನಿಲವಾಗಿ ಅಮ್ಮನ ಒಲೆಗೆ ಬರ್ತದೆ, ಇನ್ನೊಂದು ಹುಲಿಕಲ್ಲಿನಲ್ಲಿ ಮಳೆಯಾಗಿ ಸುರೀತದೆ. ನೀರಿನ ಅಣು ಬಾಗಿರುವುದರಿಂದ ಆಕ್ಸಿಜನ್ ಕಡೆ ಸ್ವಲ್ಪ ಋಣ, ಹೈಡ್ರೋಜನ್ ಕಡೆ ಸ್ವಲ್ಪ ಧನ. ಒಂದರ ಧನ ಇನ್ನೊಂದರ ಋಣವನ್ನು ಹಿಡ್ಕೊಳ್ತದೆ, ಹನಿಯಾಗ್ತದೆ. ಮೀಥೇನಿನಲ್ಲಿ ನಾಲ್ಕು ಕಡೆಯೂ ಸಮ, ಹಿಡಿಯೋಕೆ ತುದಿಯೇ ಇಲ್ಲ.

ಅಡಿಕೆ, ಹಿಡಿಕಡ್ಡಿಯಲ್ಲಿ ಮಾಡಿದ ನಾಲ್ಕು ಮಾದರಿ ಕಿಟಕಿಯ ಮೇಲಿಟ್ಟಿದ್ದೇನೆ. ಅಮೋನಿಯದ ಒಂದು ಕಾಲು ಸಡಿಲ, ಜೋಪಾನ.