ಬೇಕನ್ ಬೇಯಿಸಲು ಬಾಣಲೆ ಕಾಯಬೇಕಿಲ್ಲ

ಗೆಳೆಯರ ಮನೆಯಲ್ಲಿ ಒಂದು ರಾತ್ರಿ ಉಳಿದು ಬಂದ ಮಕ್ಕಳು "ನಮ್ಮನೇಲೂ ಬೇಕನ್ ಮಾಡಿ" ಎಂದು ಶುರುಮಾಡುವುದು ಅಮೆರಿಕ, ಇಂಗ್ಲೆಂಡುಗಳಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ ಮಾಮೂಲು. ಬೆಂಗಳೂರಿನ ಕೋಲ್ಡ್ ಸ್ಟೋರೇಜ್ ಅಂಗಡಿಗಳಲ್ಲೂ ಪೊಟ್ಟಣ ಸಿಗುವುದರಿಂದ ಇಲ್ಲಿನ ಮಕ್ಕಳೂ ಕೇಳುತ್ತಾರೆ. ಹಂದಿಮಾಂಸ ತಿನ್ನುವುದು ಬಿಡುವುದು ಆಯಾ ಮನೆಯವರ ತೀರ್ಮಾನ, ಅದರಲ್ಲಿ ನಾನು ಹೇಳುವುದೇನೂ ಇಲ್ಲ. ಆದರೆ ಕೊಡಗಿನ ಪಂದಿ ಕರಿಯನ್ನೋ ಮಂಗಳೂರಿನ ಪೋರ್ಕ್ ಬಫಾತನ್ನೋ ಕಣ್ಣು ಮುಚ್ಚಿಕೊಂಡು ಮಾಡಬಲ್ಲವರು ಕೂಡ ಬೇಕನ್ ಎಂದರೆ ಹಿಂದೆ ಸರಿಯುತ್ತಾರೆ. ಅವರಿಗೆ ತಕರಾರು ರುಚಿಯ ಬಗ್ಗೆ ಅಲ್ಲ. ಸ್ಟೌ ಸುತ್ತ ಜಿಡ್ಡು, ಗೋಡೆಗೆಲ್ಲ ಸಿಡಿತ, ಕೈ ಮೇಲೆ ಚುರುಕು, ಸಂಜೆಯವರೆಗೂ ಹೋಗದ ವಾಸನೆ, ಅಡುಗೆಮನೆಯಲ್ಲಿ ಓಡಾಡುವ ಮಕ್ಕಳು. ಈ ತಾಪತ್ರಯದಲ್ಲಿ ಬಹುಪಾಲು ತಪ್ಪಿಸಬಹುದಾದದ್ದು.

ಮೊದಲು ಸಿಡಿಯುವುದು ಏಕೆ ಎಂದು ತಿಳಿದುಕೊಳ್ಳೋಣ. ಹಂದಿಯ ಹೊಟ್ಟೆಭಾಗದ ಮಾಂಸಕ್ಕೆ ಉಪ್ಪು, ಸ್ವಲ್ಪ ಸಕ್ಕರೆ, ಸೋಡಿಯಂ ನೈಟ್ರೈಟ್ ಹಿಡಿಸಿ, ಸಾಮಾನ್ಯವಾಗಿ ಹೊಗೆಯಲ್ಲಿಟ್ಟು, ತೆಳ್ಳಗೆ ಹೋಳು ಮಾಡಿದ್ದು ಅಮೆರಿಕದ ಬೇಕನ್. ಇಂಗ್ಲೆಂಡಿನಲ್ಲಿ ಹೆಚ್ಚಾಗಿ ತಿನ್ನುವುದು ಬೆನ್ನಿನ ಭಾಗದ್ದು, ಅದರಲ್ಲಿ ಕೊಬ್ಬು ಕಡಿಮೆ. ಕಾರ್ಖಾನೆಗಳಲ್ಲಿ ಕೆಲಸ ಬೇಗ ಮುಗಿಯಲೆಂದು ಉಪ್ಪುನೀರನ್ನು ಸೂಜಿಗಳಿಂದ ಮಾಂಸದೊಳಕ್ಕೆ ತುಂಬುತ್ತಾರೆ. ಆ ನೀರೇ ಮುಂದೆ ನಮಗೆ ಕಾಟ ಕೊಡುವುದು. ನೀರು 100 ಡಿಗ್ರಿ ಸೆಲ್ಸಿಯಸ್‌ಗೆ ಆವಿಯಾಗುತ್ತದೆ, ಬಾಣಲೆಯಲ್ಲಿ ಕರಗಿದ ಕೊಬ್ಬು ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿ ಇರುತ್ತದೆ. ಕಾದ ಎಣ್ಣೆಗೆ ಒದ್ದೆ ಕರಿಬೇವು ಬಿದ್ದಾಗ ಆಗುವುದೇ ಇಲ್ಲೂ ಆಗುತ್ತದೆ: ನೀರು ಒಮ್ಮೆಲೇ ಆವಿಯಾಗಿ, ಸುತ್ತಲಿನ ಕೊಬ್ಬನ್ನು ಹೊತ್ತುಕೊಂಡು ಹಾರುತ್ತದೆ.

ಹಾಗಾಗಿ ನಮ್ಮ ಒಂದು ರೂಢಿಯನ್ನು ಇಲ್ಲಿ ಬಿಡಲೇಬೇಕು. ಮಾಂಸ ತಂದ ಕೂಡಲೇ ಎರಡು ಮೂರು ನೀರಿನಲ್ಲಿ ತೊಳೆಯುವುದು ನಮಗೆ ಕೈಗೆ ಬಂದ ಅಭ್ಯಾಸ. ಬೇಕನ್ ತೊಳೆಯಬೇಡಿ. ತೊಳೆದರೆ ಹಸಿ ಮಾಂಸದ ಕ್ರಿಮಿಗಳು ಸಿಂಕಿನ ಸುತ್ತ, ಪಕ್ಕದಲ್ಲಿಟ್ಟ ಲೋಟ ತಟ್ಟೆಗಳ ಮೇಲೆ ಸಿಡಿಯುತ್ತವೆ. ಸಾಲದ್ದಕ್ಕೆ ಬಾಣಲೆಗೆ ಇನ್ನಷ್ಟು ನೀರು ಸೇರುತ್ತದೆ. ಪೊಟ್ಟಣದಿಂದ ತೆಗೆದ ಪಟ್ಟಿಗಳನ್ನು ಪೇಪರ್ ಟವಲ್ ಮೇಲೆ ಹರಡಿ, ಮೇಲೊಂದು ಟವಲ್ ಇಟ್ಟು ಅಂಗೈಯಲ್ಲಿ ಒತ್ತಿ ತೇವ ತೆಗೆದರೆ ಸಾಕು. ಆಮೇಲೆ ಸೋಪು ಹಾಕಿ ಇಪ್ಪತ್ತು ಸೆಕೆಂಡು ಕೈ ತೊಳೆಯಿರಿ.

ಎರಡನೆಯ ತಪ್ಪು ಆತುರದ್ದು. ದೋಸೆಗೆ ಕಾವಲಿ ಕಾಯಬೇಕು, ಒಗ್ಗರಣೆಗೆ ಎಣ್ಣೆ ಕಾಯಬೇಕು. ಬೇಕನ್‌ಗೆ ಬಾಣಲೆ ತಣ್ಣಗಿರಬೇಕು. ಬೀಡಿನ ಬಾಣಲೆಯೋ ದಪ್ಪ ತಳದ ಬೇರಾವುದೋ ಪಾತ್ರೆಯಲ್ಲಿ ಪಟ್ಟಿಗಳನ್ನು ಒಂದರ ಮೇಲೊಂದು ಬೀಳದಂತೆ ಜೋಡಿಸಿ, ಎಣ್ಣೆ ಹಾಕದೆ, ಆಮೇಲೆ ಉರಿ ಹಚ್ಚಿ, ಸಣ್ಣಗೆ ಇಡಿ. ಮೊದಲೆರಡು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಬಿಳಿಯ ಕೊಬ್ಬು ಗಾಜಿನಂತೆ ತಿಳಿಯಾಗುತ್ತಾ ಅಂಚಿನಿಂದ ಜಿನುಗತೊಡಗುತ್ತದೆ. ಪಟ್ಟಿ ಕುಗ್ಗಿ ಅಲೆಯಲೆಯಾಗಿ ಸುಕ್ಕುತ್ತದೆ. ಆಗ ಇಕ್ಕಳದಲ್ಲಿ ಮಗುಚಿ. ಚಟಪಟ ಸದ್ದು ಇರುವಷ್ಟು ಹೊತ್ತು ಒಳಗಿನ ನೀರು ಇನ್ನೂ ಹೋಗುತ್ತಿದೆ ಎಂದರ್ಥ. ಆ ಸದ್ದು ತಗ್ಗಿ, ಕೊಬ್ಬಿನ ಮೇಲೆ ಸಣ್ಣ ಸಣ್ಣ ಗುಳ್ಳೆಗಳ ನೊರೆ ಕಟ್ಟಿದಾಗ ಕೆಲಸ ಮುಗಿಯುತ್ತಾ ಬಂದಿರುತ್ತದೆ. ಪಟ್ಟಿ ಇನ್ನೂ ತುಸು ಬಾಗುವಂತಿರುವಾಗಲೇ ತೆಗೆದುಬಿಡಿ, ತಟ್ಟೆಯಲ್ಲಿ ಆರುತ್ತಲೇ ಗರಿಗರಿಯಾಗುತ್ತದೆ. ಬಾಣಲೆಯಲ್ಲೇ ಗರಿಗರಿಯಾಗಲಿ ಎಂದು ಕಾದರೆ ಕರಕಲಾಗುತ್ತದೆ.

ಬೆಂದಿದೆಯೇ ಎಂದು ಬಣ್ಣ ನೋಡಿ ಹೇಳಲಾಗದು. ನೈಟ್ರೈಟ್ ಇರುವುದರಿಂದ ಪೂರ್ತಿ ಬೆಂದ ಮೇಲೂ ಮಾಂಸ ಗುಲಾಬಿಯಾಗಿಯೇ ಕಾಣಬಹುದು. ಹೊಗೆಯಾಡಿಸಿದ್ದಾದ್ದರಿಂದ ಹಾಗೇ ತಿನ್ನಬಹುದು ಎಂದೂ ಕೆಲವರು ತಿಳಿಯುತ್ತಾರೆ. ಅಂಗಡಿಯ ಬೇಕನ್ ಬಹುತೇಕ ಹಸಿಯೇ. ಬೇಯಿಸದೆ ಮಕ್ಕಳ ಬಾಯಿಗೆ ಹೋಗಕೂಡದು. ಪಟ್ಟಿಯ ಉದ್ದಕ್ಕೂ ಕೊಬ್ಬು ಕರಗಿ, ಮಾಂಸ ಗಟ್ಟಿಯಾಗಿ, ಎಲ್ಲೂ ಮೆತ್ತಗಿನ ಹಸಿ ಭಾಗ ಉಳಿಯದಿದ್ದರೆ ಬೆಂದಿದೆ.

ಬಾಣಲೆಗೆ ಮೊದಲೇ ಸ್ವಲ್ಪ ನೀರು ಹಾಕುವ ಇನ್ನೊಂದು ಉಪಾಯವೂ ಉಂಟು. ಪಟ್ಟಿ ಮುಳುಗುವಷ್ಟೇ ತಣ್ಣೀರು ಹಾಕಿ ಉರಿ ಹಚ್ಚಿದರೆ, ನೀರು ಪೂರ್ತಿ ಆವಿಯಾಗುವವರೆಗೆ ಬಿಸಿ 100 ಡಿಗ್ರಿ ದಾಟುವುದಿಲ್ಲ, ಅಷ್ಟರಲ್ಲಿ ಕೊಬ್ಬು ನಿಧಾನವಾಗಿ ಕರಗಿರುತ್ತದೆ. ನೀರು ಇಂಗಿದ ಮೇಲೆ ಉರಿ ಸಣ್ಣಗೆ ಮಾಡಿ ಕಂದು ಬಣ್ಣ ಬರಿಸಿದರಾಯಿತು. ನೀರು ಹಾಕುವುದಾದರೆ ತಣ್ಣಗಿನ ಬಾಣಲೆಗೆ ಮಾತ್ರ. ಕೊಬ್ಬು ಕಾದ ಮೇಲೆ ಒಂದು ಚಮಚ ನೀರೂ ಅಪಾಯವೇ.

ಇಷ್ಟಾಗಿಯೂ, ಮಕ್ಕಳಿರುವ ಮನೆಗೆ ನಾನು ಹೇಳುವುದು ಓವನ್ ಅನ್ನೇ. ಅಂಚು ಎತ್ತರವಿರುವ ಟ್ರೇಗೆ ಫಾಯಿಲ್ ಹಾಸಿ, ಅಂಚಿನ ಮೇಲಕ್ಕೂ ಬರುವಂತೆ ಮಡಿಸಿ, ಪಟ್ಟಿಗಳನ್ನು ಜೋಡಿಸಿ ತಣ್ಣಗಿನ ಓವನ್ನಿನೊಳಗಿಡಿ. ಆಮೇಲೆ 200 ಡಿಗ್ರಿ ಸೆಲ್ಸಿಯಸ್‌ಗೆ, ಅಮೆರಿಕದ ಓವನ್ ಆದರೆ 400 ಡಿಗ್ರಿ ಫ್ಯಾರನ್‌ಹೀಟ್‌ಗೆ ತಿರುಗಿಸಿ. 15 ನಿಮಿಷವಾದ ಮೇಲೆ ಗಾಜಿನಿಂದ ನೋಡುತ್ತಿರಿ. ದಪ್ಪ ಪಟ್ಟಿಗೆ 25 ನಿಮಿಷವೂ ಬೇಕಾಗಬಹುದು. ಮಗುಚುವ ಅಗತ್ಯವಿಲ್ಲ. ಎಲ್ಲ ಕಡೆಯಿಂದಲೂ ಒಂದೇ ಸಮ ಬಿಸಿ ತಾಗುವುದರಿಂದ ಪಟ್ಟಿ ಅಷ್ಟಾಗಿ ಸುರುಳುವುದಿಲ್ಲ, ಒಂದಿಷ್ಟು ಸಿಡಿದರೂ ಓವನ್ನಿನೊಳಗೇ ಉಳಿಯುತ್ತದೆ. ಇಡೀ ಪೊಟ್ಟಣ ಒಂದೇ ಸಲಕ್ಕೆ ಆಗುತ್ತದೆ, ಆ ಹೊತ್ತಿಗೆ ನೀವು ಮಕ್ಕಳ ಜಡೆ ಹೆಣೆಯಬಹುದು, ಡಬ್ಬಿ ಕಟ್ಟಬಹುದು. ಎಚ್ಚರ ಬೇಕಿರುವುದು ಟ್ರೇ ಹೊರತೆಗೆಯುವಾಗ ಮಾತ್ರ. ತಳದಲ್ಲಿ ಕಾದ ಕೊಬ್ಬು ತುಳುಕುತ್ತಿರುತ್ತದೆ, ಆದ್ದರಿಂದ ಎರಡೂ ಕೈಗೆ ಒಣಗಿದ ಗ್ಲೌಸ್ ಹಾಕಿ, ಮಕ್ಕಳನ್ನು ಆಚೆ ಕಳಿಸಿ, ಟ್ರೇ ಸಮತಟ್ಟಾಗಿ ಎತ್ತಿ.

ನಮ್ಮ ಊರಿನ ಓಟಿಜಿಯಲ್ಲಿ ಮಾಡುವವರಿಗೆ ಎರಡು ಮಾತು. ಅದರ ಕಾಯುವ ಸರಳುಗಳು ಕೆಳಗೂ ಇರುತ್ತವೆ. ಬರೀ ಜಾಲರಿಯ ಮೇಲೆ ಬೇಕನ್ ಇಟ್ಟರೆ ಕೊಬ್ಬು ಸರಳಿನ ಮೇಲೆ ತೊಟ್ಟಿಕ್ಕಿ ಬೆಂಕಿ ಹೊತ್ತಿಕೊಳ್ಳಬಹುದು. ಟ್ರೇ ಬೇಕೇ ಬೇಕು. ಇನ್ನು, ಅಂಗಡಿಗಳಲ್ಲಿ ಬಟರ್ ಪೇಪರ್ ಎಂದು ಕೊಡುವುದೆಲ್ಲ ಓವನ್ನಿನ ಬಿಸಿ ತಡೆಯುವುದಿಲ್ಲ. ಮೇಣ ಸವರಿದ ಕಾಗದವಾದರೆ ಹೊಗೆಯಾಡುತ್ತದೆ. ಪೊಟ್ಟಣದ ಮೇಲೆ ಎಷ್ಟು ಡಿಗ್ರಿವರೆಗೆ ಎಂದು ಬರೆದಿರುವ ಬೇಕಿಂಗ್ ಪೇಪರ್ ಮಾತ್ರ ಬಳಸಿ, ಅದೂ ಸರಳಿಗೆ ತಾಗದಂತೆ. ಸಂದೇಹವಿದ್ದರೆ ಫಾಯಿಲ್.

ಒಂದೋ ಎರಡೋ ಪಟ್ಟಿಗಾದರೆ ಮೈಕ್ರೋವೇವ್ ಸಾಕು. ತಟ್ಟೆಗೆ ಎರಡು ಮೂರು ಪದರ ಬಿಳಿ ಪೇಪರ್ ಟವಲ್ ಹಾಸಿ, ಪಟ್ಟಿ ಇಟ್ಟು, ಮೇಲೊಂದು ಟವಲ್ ಮುಚ್ಚಿ, ಪಟ್ಟಿಗೆ ಸುಮಾರು ಒಂದು ನಿಮಿಷದಂತೆ ಬೇಯಿಸಿ. ರುಚಿ ಓವನ್ನಿನಷ್ಟು ಬರುವುದಿಲ್ಲ. ಆ ತಟ್ಟೆ, ಆ ಜಿಡ್ಡು ಕುಡಿದ ಕಾಗದ ಎರಡೂ ಸುಡುವಷ್ಟು ಬಿಸಿ ಇರುತ್ತವೆ. "ಮೈಕ್ರೋವೇವ್ ತಾನೇ" ಎಂದು ಮಕ್ಕಳ ಕೈಗೆ ಬಿಡಬೇಡಿ. ಏರ್ ಫ್ರೈಯರ್‌ನಲ್ಲಿ 180 ಡಿಗ್ರಿಗೆ ಎಂಟು ಹತ್ತು ನಿಮಿಷ. ಬಿಸಿ ಅದಕ್ಕಿಂತ ಏರಿಸಿದರೆ ಬುಟ್ಟಿಯ ಕೆಳಗೆ ಸೇರಿದ ಕೊಬ್ಬು ಹೊಗೆಯಾಡುತ್ತದೆ, ಆದ್ದರಿಂದ ಒಂದು ಸರದಿಗೂ ಇನ್ನೊಂದಕ್ಕೂ ನಡುವೆ ಅದನ್ನು ಬಗ್ಗಿಸಿ ಒರೆಸಿ.

ಒಲೆಯ ಮೇಲೇ ಮಾಡುವ ದಿನ ಸುತ್ತ ಒಂದು ಮೀಟರ್ ಮಕ್ಕಳಿಗೆ ನಿಷಿದ್ಧ ಜಾಗ ಎಂದು ಮನೆಯಲ್ಲಿ ಪಾಠವಾಗಿರಲಿ. ಬಾಣಲೆಯ ಹಿಡಿ ಗೋಡೆಯ ಕಡೆಗಿರಲಿ, ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ಬೇಕನ್ ಮಗುಚುವುದು ಬೇಡ. ಕೊಬ್ಬಿಗೆ ಬೆಂಕಿ ಹತ್ತಿದರೆ ಉರಿ ಆರಿಸಿ, ಮುಚ್ಚಳ ಮುಚ್ಚಿ, ತಣ್ಣಗಾಗುವವರೆಗೆ ತೆಗೆಯಬೇಡಿ. ನೀರು ಸುರಿಯಬಾರದು, ಉರಿಯುವ ಬಾಣಲೆಯನ್ನು ಎತ್ತಿ ಸಿಂಕಿಗೆ ಒಯ್ಯಬಾರದು. ಮಗುವಿಗೆ ಸಿಡಿದು ಸುಟ್ಟರೆ ಹರಿಯುವ ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ಹಿಡಿಯಿರಿ. ಇಪ್ಪತ್ತು ನಿಮಿಷ ತುಂಬ ದೀರ್ಘ ಅನಿಸುತ್ತದೆ, ಮಗು ಅಳುತ್ತದೆ, ಆದರೂ ಬಿಡಬೇಡಿ. ಟೂತ್‌ಪೇಸ್ಟ್, ಬೆಣ್ಣೆ, ಅರಿಶಿನ, ಮಂಜುಗಡ್ಡೆ ಯಾವುದೂ ಬೇಡ. ಮುಖಕ್ಕೆ ಸಿಡಿದಿದ್ದರೆ, ಬೊಬ್ಬೆ ಬಂದಿದ್ದರೆ ವೈದ್ಯರಿಗೆ ತೋರಿಸಿ. ಅಡುಗೆ ಕಲಿಯುವ ಹಂಬಲವಿರುವ ಹನ್ನೆರಡು ಹದಿಮೂರರ ಮಕ್ಕಳಿಗೆ ಪಟ್ಟಿ ಜೋಡಿಸುವುದು, ಓವನ್ ತಿರುಗಿಸುವುದು, ಸಮಯ ನೋಡುವುದು ಬಿಟ್ಟುಕೊಡಿ. ಟ್ರೇ ತೆಗೆಯುವುದು ಇನ್ನೂ ಕೆಲವು ವರ್ಷ ನಿಮ್ಮ ಕೆಲಸ.

ಉಳಿದ ಕೊಬ್ಬನ್ನು ಸಿಂಕಿಗೆ ಸುರಿಯಬೇಡಿ, ಬಿಸಿನೀರು ಬಿಟ್ಟರೂ ಅದು ಮುಂದೆ ಕೊಳವೆಯಲ್ಲಿ ಹೆಪ್ಪುಗಟ್ಟುತ್ತದೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್‌ನ ಚರಂಡಿಯಲ್ಲಿ ಸಿಕ್ಕ ಕೊಬ್ಬಿನ ಗಡ್ಡೆ 250 ಮೀಟರ್ ಉದ್ದ, ಸುಮಾರು 130 ಟನ್ ತೂಕ ಇತ್ತು. ಅಡುಗೆಮನೆಗಳಿಂದ ಇಳಿದ ಜಿಡ್ಡು ಒದ್ದೆ ಒರೆಸು ಕಾಗದಗಳ ಜೊತೆ ಸೇರಿ ಗಟ್ಟಿಯಾಗಿದ್ದು ಅದು. ಅದರದೊಂದು ತುಂಡನ್ನು ಮರುವರ್ಷ ಲಂಡನ್ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕಿಟ್ಟಿದ್ದರು. ಟ್ರೇ ಆರಿ ಕೊಬ್ಬು ಗಟ್ಟಿಯಾದ ಮೇಲೆ ಫಾಯಿಲ್ ಸಮೇತ ಮಡಿಸಿ ಕಸಕ್ಕೆ ಹಾಕಿದರೆ ಟ್ರೇ ತೊಳೆಯುವ ಕೆಲಸವೂ ಅಷ್ಟಾಗಿ ಉಳಿಯುವುದಿಲ್ಲ. ಅಡುಗೆಗೆ ಬಳಸುವವರು ಉಗುರುಬೆಚ್ಚಗಿರುವಾಗ ಸೋಸಿ, ಗಾಜಿನ ಶೀಶೆಯಲ್ಲಿ ಫ್ರಿಜ್ಜಿನಲ್ಲಿಡಬಹುದು. ಮೊಟ್ಟೆ, ಆಲೂಗಡ್ಡೆ ಹುರಿಯಲು ಒಂದು ಚಮಚ ಸಾಕು.

ಕೊನೆಗೆ, ಪೋಷಕರು ಕೇಳಲೇಬೇಕಾದ ಪ್ರಶ್ನೆ: ಎಷ್ಟು ಕೊಡಬಹುದು? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಬೇಕನ್, ಸಾಸೇಜ್, ಹ್ಯಾಮ್‌ನಂಥ ಸಂಸ್ಕರಿಸಿದ ಮಾಂಸವನ್ನು ಮೊದಲ ಗುಂಪಿಗೆ ಸೇರಿಸಿತು. ಇದರಿಂದ ಕ್ಯಾನ್ಸರ್ ಬರಬಲ್ಲದು ಎಂಬುದಕ್ಕೆ ಸಾಕ್ಷ್ಯ ಗಟ್ಟಿಯಾಗಿದೆ ಎಂದು ಅದರ ಅರ್ಥ. ಅದೇ ಗುಂಪಿನಲ್ಲಿ ತಂಬಾಕು ಇದ್ದರೂ ಎರಡರ ಅಪಾಯ ಸಮ ಎಂದಲ್ಲ. ದಿನವೂ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಸಂಭವ ಸುಮಾರು ಶೇಕಡಾ 18ರಷ್ಟು ಏರುತ್ತದೆ ಎಂಬುದು ಅವರ ಅಂದಾಜು. ಅಪರೂಪಕ್ಕೆ ತಿಂದ ಒಂದು ಪಟ್ಟಿಗೆ ಗಾಬರಿಪಡಬೇಕಿಲ್ಲ, ದಿನಾ ಬೆಳಗಿನ ತಿಂಡಿಯಾಗಿಸುವುದು ಮಾತ್ರ ಖಂಡಿತ ಬೇಡ. ಬೇಕನ್ ಮೊಟ್ಟೆಯೇ ಪೌಷ್ಟಿಕ ತಿಂಡಿ ಎಂಬ ನಂಬಿಕೆ ಅಮೆರಿಕದಲ್ಲಿ ಅಷ್ಟು ಬೇರೂರಿದ್ದರ ಹಿಂದೆ, 1920ರ ದಶಕದಲ್ಲಿ ಎಡ್ವರ್ಡ್ ಬರ್ನೇಸ್ ಎಂಬ ಪ್ರಚಾರತಜ್ಞ ಒಂದು ಬೇಕನ್ ಕಂಪನಿಗಾಗಿ ವೈದ್ಯರ ಅಭಿಪ್ರಾಯ ಸಂಗ್ರಹಿಸಿ ಪತ್ರಿಕೆಗಳಿಗೆ ಹಂಚಿದ ಪ್ರಚಾರದ ಪಾಲೂ ಇದೆ. ಸೆಲರಿ ಪುಡಿ ಹಾಕಿ "ನೈಟ್ರೈಟ್ ಸೇರಿಸಿಲ್ಲ" ಎಂದು ಮಾರುವ ಪೊಟ್ಟಣಕ್ಕೂ ಮರುಳಾಗಬೇಡಿ, ಆ ಪುಡಿಯಿಂದಲೇ ಮಾಂಸಕ್ಕೆ ನೈಟ್ರೈಟ್ ಬರುತ್ತದೆ. ಕರಕಲಾಗುವಷ್ಟು ಜೋರು ಉರಿಯಲ್ಲಿ ಹುರಿದಾಗ ನೈಟ್ರೊಸಮೀನ್ ಎಂಬ ಹಾನಿಕಾರಕ ವಸ್ತುಗಳು ಹೆಚ್ಚು ಹುಟ್ಟುವುದರಿಂದ ಸಣ್ಣ ಉರಿ ಇಲ್ಲೂ ಒಳ್ಳೆಯದು.

ಮಕ್ಕಳ ವಿಷಯದಲ್ಲಿ ನನಗೆ ಹೆಚ್ಚು ಚಿಂತೆ ಉಪ್ಪಿನದು. ಬ್ರಿಟನ್ನಿನ ಆರೋಗ್ಯ ಸೇವೆಯ ಪ್ರಕಾರ ನಾಲ್ಕರಿಂದ ಆರು ವರ್ಷದವರಿಗೆ ದಿನಕ್ಕೆ 3 ಗ್ರಾಂ, ಏಳರಿಂದ ಹತ್ತರವರಿಗೆ 5 ಗ್ರಾಂ ಉಪ್ಪು ಮೇಲ್ಮಿತಿ. ಉಪ್ಪಿನಕಾಯಿ, ಹಪ್ಪಳ, ಚಿಪ್ಸ್ ಇರುವ ನಮ್ಮ ಮನೆಗಳಲ್ಲಿ ಅದು ಬೇಕನ್ ಇಲ್ಲದೆಯೇ ತುಂಬಿರುತ್ತದೆ. ಪೊಟ್ಟಣದ ಹಿಂಬದಿಯ ಉಪ್ಪಿನ ಲೆಕ್ಕ ಓದಿ, ಬೇಕನ್ ಕೊಡುವ ದಿನ ಉಳಿದವನ್ನು ದೂರವಿಡಿ. ವರ್ಷ ತುಂಬದ ಕೂಸಿಗೆ ಕೊಡಲೇಬೇಡಿ. ನಾಲ್ಕು ವರ್ಷದೊಳಗಿನವರಿಗೆ ಉದ್ದನೆಯ ಪಟ್ಟಿ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಸಣ್ಣಗೆ ಹೆಚ್ಚಿ, ಕೂತು ತಿನ್ನುವಾಗ ಪಕ್ಕದಲ್ಲೇ ಇರಿ.

ಕಡಿಮೆ ಕೊಡಲು ಫ್ರೀಜರ್ ಒಳ್ಳೆಯ ದಾರಿ. ತೆರೆದ ಹಸಿ ಪೊಟ್ಟಣ ಫ್ರಿಜ್ಜಿನಲ್ಲಿ ಒಂದು ವಾರವಷ್ಟೇ ಬಾಳುತ್ತದೆ, ಕೆಡುತ್ತದಲ್ಲ ಎಂದು ಎಲ್ಲವನ್ನೂ ತಿಂದು ಮುಗಿಸುವಂತಾಗುತ್ತದೆ. ಒಂದು ಭಾನುವಾರ ಓವನ್ನಿನಲ್ಲಿ ಪೂರ್ತಿ ಪೊಟ್ಟಣ ಬೇಯಿಸಿ, ಅಂದಿಗೆ ಬೇಕಾದಷ್ಟು ಇಟ್ಟುಕೊಂಡು, ಉಳಿದದ್ದರ ಜಿಡ್ಡನ್ನು ಕಾಗದದಲ್ಲಿ ಒತ್ತಿ ತೆಗೆದು, ಪಟ್ಟಿಗಳ ನಡುವೆ ಬೇಕಿಂಗ್ ಪೇಪರ್ ಇಟ್ಟು ಡಬ್ಬಿಯಲ್ಲಿ ಫ್ರೀಜ್ ಮಾಡಿ. ಒಂದು ತಿಂಗಳೊಳಗೆ ಬಳಸಿದರೆ ರುಚಿ ಕೆಡುವುದಿಲ್ಲ. ಮಗು ಕೇಳಿದ ದಿನ ಒಂದೇ ಒಂದು ಪಟ್ಟಿ ತೆಗೆದು, ಮೈಕ್ರೋವೇವಿನಲ್ಲಿ ಪೇಪರ್ ಟವಲ್ ಮೇಲೆ ಇಪ್ಪತ್ತು ಸೆಕೆಂಡು ಬಿಸಿಮಾಡಿ, ಮುರಿದು ಮೊಟ್ಟೆಯ ಮೇಲೋ ಟೊಮೆಟೊ ಹೋಳಿಟ್ಟ ಬ್ರೆಡ್ಡಿನೊಳಗೋ ಉದುರಿಸಿ ಕೊಡಿ.